ಹೇರುವವರು ಮತ್ತು ಹೊರುವವರು

ಭಾರದ ಮಾತು ಬಂದಾಗ ಕನ್ನಡ ಎರಡು ಕ್ರಿಯೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಹೊರುವುದು ಒಂದು, ಹೇರುವುದು ಇನ್ನೊಂದು. ಸೌದೆಯನ್ನು, ಹುಲ್ಲನ್ನು, ನೀರಿನ ಕೊಡವನ್ನು, ಮನೆಯ ಹೊಣೆಯನ್ನು ಹೊರುತ್ತಾರೆ. ಗಾಡಿಗೆ ಮೂಟೆಯನ್ನು, ಜನರ ಮೇಲೆ ತೆರಿಗೆಯನ್ನು, ಒಲ್ಲದವರ ಮೇಲೆ ಭಾಷೆಯನ್ನು ಹೇರುತ್ತಾರೆ. ಹೊರುವವನು ಬಗ್ಗಿಸುವುದು ತನ್ನ ಬೆನ್ನನ್ನು. ಹೇರುವವನು ಬಗ್ಗಿಸುವುದು ಇನ್ನೊಬ್ಬರದನ್ನು. ಹೊರಲಾರದಷ್ಟು ಹೊರೆ ಎಂಬ ದೂರು ಯಾವ ಕಾಲದಲ್ಲಿ, ಯಾರ ಬಾಯಿಂದ, ಯಾತಕ್ಕೆ ಬಂತು ಎಂದು ಹುಡುಕುತ್ತ ಹೋದರೆ ಅದು ತೂಕದಿಂದ ಮಾತ್ರ ಹುಟ್ಟಿದ್ದಲ್ಲ ಎಂದು ತಿಳಿಯುತ್ತದೆ. ಹೇರುವ ಕೈಗೂ ಹೊರುವ ಬೆನ್ನಿಗೂ ನಡುವಿನ ದೂರ ಬೆಳೆದಷ್ಟೂ ಹೊರೆ ಮಿತಿ ಮೀರುತ್ತದೆ. ಈ ಮಾತನ್ನು ಪರೀಕ್ಷಿಸಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಒಳ್ಳೆಯ ಜಾಗ. 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ದೋಣಿ ಸಾಗಿಸುವ ನೀರಿಲ್ಲ. ಇಲ್ಲಿ ಏನೇ ಸಾಗಬೇಕಾದರೂ ತಲೆ, ಹೆಗಲು, ಎತ್ತು, ಗಾಡಿ, ಹಳಿ, ಲಾರಿ ಇವುಗಳಲ್ಲಿ ಒಂದರ ಮೇಲೆಯೇ ಸಾಗಬೇಕು.

ಕನ್ನಡ ಮತ್ತು ತೆಲುಗು ಒಂದೇ ಬೀದಿಯಲ್ಲಿ ಓಡಾಡುವ ಈ ಭಾಗದಲ್ಲಿ ಹೊರೆಗೆ ಹೆಸರುಗಳೂ ಹಲವು. ತೆಲುಗಿನವರಿಗೆ ಅದು ಬರುವು. ಕನ್ನಡದಲ್ಲಿ ಹೊರೆ, ಭಾರ, ಮೂಟೆ, ಹೇರು. ಮಿತಿ ಮೀರಿದ್ದನ್ನು ಹೇಳಲು ಮಣಭಾರ ಎನ್ನುತ್ತಾರೆ, ಅದಕ್ಕೂ ಮಿಕ್ಕಿದ್ದನ್ನು ಹೆಣಭಾರ ಎನ್ನುತ್ತಾರೆ. ಮಣ ಅಳತೆಯ ಮಾತು, ಹೆಣ ಅನುಭವದ ಮಾತು. ಇವೆರಡೂ ಹೊರುವವರ ಬಾಯಿಂದ ಬರುತ್ತವೆ. ದೂರದಲ್ಲಿ ನಿಂತು ನೋಡುವವರಿಗೆ ಯಾವ ಮೂಟೆಯೂ ಹೆಣಭಾರ ಎನಿಸುವುದಿಲ್ಲ. ಲಾರಿ ಬಂದ ಮೇಲೆ ಇವುಗಳ ಜೊತೆಗೆ ಲೋಡು ಸೇರಿತು. ಒಂದು ಲೋಡು ಮರಳು, ಒಂದು ಲೋಡು ಜಲ್ಲಿ, ಒಂದು ಲೋಡು ನೀರು ಎನ್ನುವಾಗ ಯಾರ ಬೆನ್ನೂ ಕಣ್ಣಿಗೆ ಬೀಳುವುದಿಲ್ಲ. ಮಾತಿನಲ್ಲಿ ಆಗಿರುವ ಈ ಬದಲಾವಣೆಗೆ ಸಾಗಣೆಯಲ್ಲಿ ಆದ ಬದಲಾವಣೆಯೇ ಕಾರಣ. ಆದ್ದರಿಂದ ಪದದ ಚರಿತ್ರೆಯನ್ನು ಹೇಳಲು ಸಾಗಣೆಯ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ಹಳಗನ್ನಡದ ಪೇಱು ಮುಂದೆ ಹೇರು ಆಯಿತು, ಪೊಱೆ ಹೊರೆಯಾಯಿತು. ಮಧ್ಯಕಾಲದ ಶಾಸನಗಳಲ್ಲಿ ಹೇರು ಎಂಬುದು ಸುಂಕದ ಅಳತೆ. ಸಂತೆಗೆ ಬರುವ ವೀಳ್ಯದೆಲೆ, ಮೆಣಸು, ಧಾನ್ಯ, ಬಟ್ಟೆಗಳಿಗೆ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು, ಬಂಡಿಗೆ ಇಷ್ಟು ಎಂದು ಸುಂಕ ಗೊತ್ತುಮಾಡುತ್ತಿದ್ದರು. ಎತ್ತೊಂದು ಹೊತ್ತು ನಡೆಯಬಲ್ಲಷ್ಟು ಒಂದು ಹೇರು, ಮನುಷ್ಯನೊಬ್ಬ ಹೊತ್ತು ನಡೆಯಬಲ್ಲಷ್ಟು ಒಂದು ತಲೆಹೊರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸುಂಕ ತೂಕಕ್ಕೆ ಬೀಳದೆ ಹೇರಿಗೆ ಬೀಳುವುದಾದರೆ, ಒಂದೇ ಎತ್ತಿನ ಮೇಲೆ ಹೆಚ್ಚು ತುಂಬಿದಷ್ಟೂ ವ್ಯಾಪಾರಿಗೆ ಲಾಭ. ಆ ಆಸೆಗೆ ಕಡಿವಾಣ ಹಾಕುತ್ತಿದ್ದುದು ಕಟ್ಟಳೆಯಲ್ಲ, ಎತ್ತಿನ ಕಾಲು. ದಾರಿಯ ನಡುವೆ ಎತ್ತು ಕುಸಿದರೆ ಸರಕೂ ಹೋಯಿತು, ಬಂಡವಾಳವೂ ಹೋಯಿತು. ಎತ್ತಿನ ಒಡೆಯನೇ ಜೊತೆಯಲ್ಲಿ ನಡೆಯುತ್ತಿದ್ದುದರಿಂದ ಅದರ ಏದುಸಿರು ಅವನಿಗೆ ಕೇಳಿಸುತ್ತಿತ್ತು. ತಲೆಹೊರೆಯವರಿಗಾಗಿ ದಾರಿಬದಿಯಲ್ಲಿ ಹೊರೆಗಲ್ಲುಗಳನ್ನು ನೆಡಿಸುವುದು ಪುಣ್ಯದ ಕೆಲಸವೆನಿಸಿಕೊಂಡದ್ದೂ ಇದೇ ಲೋಕದಲ್ಲಿ. ನಿಲ್ಲಿಸಿದ ಕಲ್ಲುಗಳ ಮೇಲೆ ಆಳೆತ್ತರಕ್ಕೆ ಅಡ್ಡ ಚಪ್ಪಡಿ ಇಟ್ಟರೆ, ಒಬ್ಬರ ಸಹಾಯವೂ ಇಲ್ಲದೆ ಹೊರೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಬಹುದು. ಹೊತ್ತವರ ಕಷ್ಟ ಹೊರದವರಿಗೂ ತಿಳಿದಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಹಾಗಾದರೆ ಹಳೆಯ ಕಾಲ ಒಳ್ಳೆಯದಿತ್ತು, ಯಂತ್ರ ಬಂದು ಕೆಡಿಸಿತು ಎನ್ನಬಹುದೇ? ಆ ತೀರ್ಮಾನಕ್ಕೆ ಅಡ್ಡ ನಿಲ್ಲುವ ಪದವೊಂದು ನಮ್ಮಲ್ಲೇ ಇದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದ ಈ ಮಾತು ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಬಲವಂತದ ದುಡಿಮೆಯ ಹೆಸರು. ಅರಸನ ದಂಡು, ಪಾಳೆಯಗಾರನ ಪರಿವಾರ, ಊರಿಗೆ ಬಂದ ಅಧಿಕಾರಿಯ ಗಂಟುಮೂಟೆ ಇವನ್ನು ಮುಂದಿನ ಊರಿನವರೆಗೆ ಹೊತ್ತು ಮುಟ್ಟಿಸುವುದು ಬಿಟ್ಟಿಯ ದೊಡ್ಡ ಭಾಗವಾಗಿತ್ತು, ಮತ್ತು ಆ ಹೊರೆ ಯಾವ ಕೇರಿಯವರ ತಲೆಗೆ ಏರುತ್ತಿತ್ತು ಎಂಬುದನ್ನು ಜಾತಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಿತ್ತು. ಅಲ್ಲಿ ಹೇರುವವನಿಗೆ ಹೊರುವವನ ಏದುಸಿರು ಕೇಳಿಸಿದರೂ ಲೆಕ್ಕಕ್ಕಿರಲಿಲ್ಲ. ಒಬ್ಬ ಕುಸಿದರೆ ಇನ್ನೊಬ್ಬನನ್ನು ಹಿಡಿದು ತರುತ್ತಿದ್ದರು. ಇಂದು ಬಿಟ್ಟಿ ಎಂದರೆ ಪುಕ್ಕಟೆ ಸಿಕ್ಕಿದ್ದು ಎಂದು ಅರ್ಥವಾಗಿರುವುದೂ ಪಡೆದವರ ಕಡೆಯ ಅರ್ಥವೇ ಉಳಿದದ್ದರಿಂದ. ಹೀಗಾಗಿ ನನ್ನ ವಾದ ಹಿಂದಿನ ಕಾಲ ಮತ್ತು ಈಗಿನ ಕಾಲದ ಹೋಲಿಕೆಯಲ್ಲ. ಒಂದೇ ಕಾಲದಲ್ಲಿ ತನ್ನ ಎತ್ತಿನ ಜೊತೆ ನಡೆದ ವ್ಯಾಪಾರಿಯೂ ಇದ್ದ, ಬಿಟ್ಟಿಗೆ ಆಳು ಹಿಡಿದ ಅಧಿಕಾರಿಯೂ ಇದ್ದ. ಮೊದಲನೆಯವನ ಹೊರೆಗೆ ಮಿತಿ ಇತ್ತು, ಎರಡನೆಯವನದಕ್ಕೆ ಇರಲಿಲ್ಲ.

ಈ ವ್ಯತ್ಯಾಸ ಯುದ್ಧದಲ್ಲಿ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಮೂರನೆಯ ಮೈಸೂರು ಯುದ್ಧ ತೋರಿಸಿತು. 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆ ಬಂದು ನಿಜಾಮನ ಕುದುರೆ ದಂಡನ್ನು ಕೂಡಿಕೊಂಡ. ಆಮೇಲೆ ಶ್ರೀರಂಗಪಟ್ಟಣಕ್ಕೆ ಹೊರಟ ಅವನ ಸೈನ್ಯದಲ್ಲಿ ಭಾರಿ ಫಿರಂಗಿಗಳನ್ನು ಎಳೆಯುತ್ತಿದ್ದ ಎತ್ತುಗಳು ಮೇವಿಲ್ಲದೆ, ರೋಗ ತಗುಲಿ ಸಾವಿರ ಸಾವಿರವಾಗಿ ಸತ್ತವು. ಮೇ ತಿಂಗಳಲ್ಲಿ ಅವನು ಕೋಟೆಯ ಸಮೀಪಕ್ಕೆ ಬಂದೂ ತನ್ನ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಅದೇ ಯುದ್ಧದಲ್ಲಿ ಅವನ ದಂಡಿಗೆ ಧಾನ್ಯ ಒದಗಿಸಿ ಉಳಿಸಿದವರು ಬಂಜಾರರು, ನಮ್ಮ ಕಡೆಯ ಮಾತಿನಲ್ಲಿ ಲಂಬಾಣಿಗಳು. ಅವರೂ ಎತ್ತಿನ ಮೇಲೆಯೇ ಹೇರುತ್ತಿದ್ದರು, ಅದೇ ಬರಡು ದಾರಿಯಲ್ಲೇ ನಡೆಯುತ್ತಿದ್ದರು. ಆದರೆ ಎತ್ತು ಅವರ ಮನೆಯ ಆಸ್ತಿ. ಅದನ್ನು ಮೇಯಿಸುವವರು, ಹೇರುವವರು, ನಡೆಸುವವರು ಒಂದೇ ಕುಟುಂಬದವರು. ಸೈನ್ಯದ ಎತ್ತಿಗೆ ಅಂಥ ಒಡೆಯನಿರಲಿಲ್ಲ. ಅದೇ ವರ್ಷ ಬ್ರಿಟಿಷರ ಮೇಜರ್ ಗೌಡಿಯ ದಂಡು ನಂದಿದುರ್ಗಕ್ಕೆ ಮುತ್ತಿಗೆ ಹಾಕಿ, ಕಡಿದಾದ ಬೆಟ್ಟದ ಮೇಲೆ ದಾರಿ ಕಡಿದು ಆನೆಗಳ ಬಲದಿಂದ ಫಿರಂಗಿಗಳನ್ನು ಏರಿಸಿ, ಮೂರು ವಾರಗಳ ಬಳಿಕ ಅಕ್ಟೋಬರ್‌ನಲ್ಲಿ ಕೋಟೆಯನ್ನು ಗೆದ್ದುಕೊಂಡಿತು. ಗೆದ್ದವರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ದಾರಿ ಕಡಿದವರದು ಉಳಿಯಲಿಲ್ಲ.

ಹೊರೆಯ ಈ ವ್ಯತ್ಯಾಸಕ್ಕೆ ಶಿಡ್ಲಘಟ್ಟದ ರೇಷ್ಮೆ ಶಾಂತಿಕಾಲದ ಉದಾಹರಣೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬು ಶಿಡ್ಲಘಟ್ಟವನ್ನು ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದನ್ನಾಗಿ ಮಾಡಿದೆ. ರೇಷ್ಮೆ ಗೂಡು ಹಗುರ, ಆದರೆ ಒತ್ತಿ ತುಂಬುವಂತಿಲ್ಲ. ಒಳಗಿನ ಹುಳು ಜೀವಂತವಾಗಿರುತ್ತದೆ. ಚೀಲಕ್ಕೆ ಅದುಮಿ ತುಂಬಿದರೆ ಗೂಡು ನಜ್ಜಾಗುತ್ತದೆ, ಬೆವರುತ್ತದೆ, ಒಳಗೆ ಸತ್ತ ಹುಳುವಿನ ಕಲೆ ಎಳೆಗೆ ಹತ್ತುತ್ತದೆ. ನೂಲು ಬಿಚ್ಚುವಾಗ ಎಳೆ ತುಂಡುತುಂಡಾಗುತ್ತದೆ. ಮಾರುಕಟ್ಟೆಯಲ್ಲಿ ಲಾಟನ್ನು ಹರವಿದಾಗ ರೀಲರುಗಳು ಒಂದು ಹಿಡಿ ಗೂಡು ತೆಗೆದು ನೋಡಿಯೇ ಅದನ್ನು ಕಂಡುಹಿಡಿಯುತ್ತಾರೆ, ಹರಾಜಿನ ಬೆಲೆ ಅಲ್ಲೇ ಇಳಿಯುತ್ತದೆ. ತಪ್ಪು ಮಾಡಿದವನೇ ಅದೇ ದಿನ ಅದೇ ಜಾಗದಲ್ಲಿ ನಷ್ಟ ಅನುಭವಿಸುತ್ತಾನೆ. ಅದಕ್ಕೇ ಬೆಳೆಗಾರ ಗೂಡನ್ನು ಸಡಿಲವಾಗಿ ತುಂಬಿ, ತಂಪು ಹೊತ್ತಿನಲ್ಲಿ ತರುತ್ತಾನೆ. ಇದಕ್ಕೆ ಕಾನೂನಿನ ಕಾವಲು ಬೇಕಾಗಿಲ್ಲ. ಆದರೆ ಅದೇ ಮನೆಯ ಇನ್ನೊಂದು ಹೊರೆಯನ್ನು ನೋಡಿ. ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳಿಂದ ಬರುವ ಹುಳುಗಳಿಗೆ ಒಟ್ಟು ಎಂಟು ಹತ್ತು ಕ್ವಿಂಟಲ್ ಹಿಪ್ಪುನೇರಳೆ ಸೊಪ್ಪು ಬೇಕು. ಅದರಲ್ಲಿ ಹೆಚ್ಚಿನ ಪಾಲು ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನಗಳಲ್ಲೇ ತೋಟದಿಂದ ಹುಳುಮನೆಗೆ ಬರಬೇಕು. ಕುಯ್ದು, ಕಟ್ಟಿ, ತಲೆಯ ಮೇಲೆ ಸಿಂಬೆ ಇಟ್ಟು ಹೊರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಗೂಡನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಕಸುಬಿನಲ್ಲಿ ಸೊಪ್ಪಿನ ಹೊರೆಯನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಒಂದೇ ಕಸುಬು, ಒಂದೇ ಮನೆ. ನಷ್ಟ ಲೆಕ್ಕಕ್ಕೆ ಬರುವ ಕಡೆ ಮಿತಿ ಇದೆ, ನೋವು ಲೆಕ್ಕಕ್ಕೆ ಬಾರದ ಕಡೆ ಇಲ್ಲ.

ದೂರದ ಸಾಗಣೆ ದೇಹದಿಂದ ಕಬ್ಬಿಣಕ್ಕೆ ವರ್ಗವಾದದ್ದು ರೈಲಿನೊಂದಿಗೆ. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡ ಮೇಲೆ ರೈಲು ಮಾರ್ಗ ತುರ್ತಿನ ವಿಷಯವಾಯಿತು. ಗೌರಿಬಿದನೂರು 19ನೇ ಶತಮಾನದ ಕೊನೆಗೆ ಬೆಂಗಳೂರು–ಹಿಂದೂಪುರ ಮಾರ್ಗಕ್ಕೆ ಸೇರಿತು. ಉಳಿದ ಮೂರು ಊರುಗಳಿಗೆ 1910ರ ದಶಕದಲ್ಲಿ, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದಲ್ಲಿ, ಎರಡೂವರೆ ಅಡಿ ಅಗಲದ ಕಿರುಹಳಿ ಬಂತು. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಕೋಲಾರ, ಬಂಗಾರಪೇಟೆಗಳ ನಡುವೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಅದು ಪೋಣಿಸಿತು. ಆದರೆ ರೈಲು ಹೊರುವವರನ್ನು ಇಲ್ಲವಾಗಿಸಲಿಲ್ಲ. ಹಳಿಯ ಎರಡೂ ತುದಿಗಳಲ್ಲಿ, ಮಂಡಿಯಲ್ಲಿ, ಗೋದಾಮಿನಲ್ಲಿ ಹಮಾಲರು ಬೇಕಾದರು. ಚಿಂತಾಮಣಿಯಂಥ ವ್ಯಾಪಾರದ ಊರಿನಲ್ಲಿ ಗಾಡಿಯಿಂದ ಇಳಿಸಿ, ಹೊತ್ತು, ಅಟ್ಟಿ ಕಟ್ಟುವ ಕೆಲಸ ಇಂದಿಗೂ ಬೆನ್ನಿನ ಕೆಲಸವೇ. ಒಂದು ಕಾಲಕ್ಕೆ ಗೋಣಿಚೀಲಕ್ಕೆ ನೂರು ಕಿಲೋ ತುಂಬುತ್ತಿದ್ದರು. ಒಬ್ಬ ವಯಸ್ಕ ಗಂಡಸು ಒಮ್ಮೆಗೆ 55 ಕಿಲೋಗಿಂತ ಹೆಚ್ಚು ಹೊರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ನಮ್ಮ ಚೀಲಗಳು 50 ಕಿಲೋಗೆ ಇಳಿಯಲು ಆಮೇಲೆಯೂ ದಶಕಗಳು ಹಿಡಿದವು.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಬೇಕು. ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳು ಬೆನ್ನಿನ ಹೊರೆಗೆ ಮಿತಿ ಹಾಕುತ್ತವೆ: ಸಣ್ಣ ಎತ್ತಿಗೆ 100 ಕಿಲೋ, ದೊಡ್ಡ ಎತ್ತಿಗೆ 175, ಕತ್ತೆಗೆ 50. ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟಿದ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಕಾರ್ಖಾನೆಯೊಳಗಿನ ಕಾರ್ಮಿಕನಿಗೆ 1948ರ ಕಾರ್ಖಾನೆ ಕಾಯ್ದೆ ರಕ್ಷಣೆ ಕೊಟ್ಟಿತು. ಆದರೆ ಮಂಡಿಯ ಹೊರಗೆ ಲಾರಿಯ ಹಿಂದೆ ನಿಂತ ಹಮಾಲನ ದಿನಕ್ಕೆ ಎಷ್ಟು ಚೀಲ, ಎಷ್ಟು ಗಂಟೆ, ಎಷ್ಟು ಬಿಸಿಲು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದವರಿಲ್ಲ. ಕತ್ತೆಗೆ ಮಾತು ಬಾರದು, ಆದ್ದರಿಂದ ಕಾನೂನು ಮಾತಾಡಿತು. ಮನುಷ್ಯನಿಗೆ ಮಾತು ಬರುತ್ತದೆ, ಬೇಡವೆಂದರೆ ಬಿಡಬಹುದಲ್ಲ ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪಣೆ ತೋರಿಕೆಗೆ ನ್ಯಾಯವಾಗಿದೆ. ಹಮಾಲ ತಾನಾಗಿಯೇ ಎರಡು ಚೀಲ ಎತ್ತುತ್ತಾನೆ, ಲಾರಿ ಚಾಲಕ ತಾನಾಗಿಯೇ ಹೆಚ್ಚು ಟನ್ ಒಪ್ಪುತ್ತಾನೆ ಎಂಬುದೂ ನಿಜ. ಆದರೆ ಕೂಲಿ ಚೀಲದ ಲೆಕ್ಕದಲ್ಲಿದ್ದಾಗ, ಬಾಡಿಗೆ ಟ್ರಿಪ್ಪಿನ ಲೆಕ್ಕದಲ್ಲಿದ್ದಾಗ, ಆ ದರ ಒಂದು ಮಿತವಾದ ಹೊರೆಯಿಂದ ಹೊಟ್ಟೆ ತುಂಬದಷ್ಟು ಕೆಳಗಿದ್ದಾಗ ಅವನ ಒಪ್ಪಿಗೆಗೆ ಬೇರೆ ದಾರಿ ಇರುವುದಿಲ್ಲ. ದರ ಗೊತ್ತುಮಾಡುವವನೇ ಹೇರುವವನು. ಅವನ ಕೈ ಮೂಟೆಗೆ ತಾಗದಿದ್ದರೂ ಹೇರಿದ್ದು ಅವನೇ.

ಲಾರಿಯ ಕಾಲದಲ್ಲಿ ಈ ದೂರ ಇನ್ನಷ್ಟು ಹಿಗ್ಗಿತು. ಉತ್ತರ ಪಿನಾಕಿನಿಯ ಪಾತ್ರದಿಂದ ಗೌರಿಬಿದನೂರಿನ ಸುತ್ತ ತೆಗೆದ ಮರಳು ಬೆಂಗಳೂರಿನ ಕಟ್ಟಡಗಳಿಗೆ ಹೋಯಿತು. ಹೊಳೆಯ ಮರಳು ಬರಿದಾಗುತ್ತ ಬಂದಾಗ ಕೆರೆಯಂಗಳದ ಮಣ್ಣು ತೊಳೆದು ತೆಗೆಯುವ ಫಿಲ್ಟರ್ ಮರಳು, ಅದಾದ ಮೇಲೆ ಬಂಡೆ ಒಡೆದು ಪುಡಿಮಾಡುವ ಎಂ ಸ್ಯಾಂಡ್. ಚಿಕ್ಕಬಳ್ಳಾಪುರದ ಸುತ್ತಲಿನ ಕಲ್ಲುಗಣಿ ಮತ್ತು ಕ್ರಷರುಗಳಿಂದ ಹೊರಡುವ ಟಿಪ್ಪರುಗಳು ಹಳ್ಳಿಯ ರಸ್ತೆಗಳನ್ನು ಹಾಳುಮಾಡುತ್ತಿವೆ ಎಂಬುದು ಈ ಸೀಮೆಯ ನಿತ್ಯದ ದೂರು. ಇದು ಕೇವಲ ಗೊಣಗಾಟವಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸಿನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ತಿಳಿದುಕೊಂಡದ್ದೇನೆಂದರೆ, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ. ಭಾರ ಶೇಕಡಾ 20 ಹೆಚ್ಚಿದರೆ ಸವೆತ ಎರಡು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕಾಗದದ ಮೇಲೆ ಅದು ಶೇಕಡಾ 13ರಷ್ಟು ಏರಿಕೆ, ಅದೇ ಸೂತ್ರದಂತೆ ರಸ್ತೆಯ ಮೇಲೆ ಶೇಕಡಾ 60ರಷ್ಟು. ನಿನ್ನೆಯವರೆಗೆ ಅತಿಭಾರವಾಗಿದ್ದದ್ದು ಒಂದು ಅಧಿಸೂಚನೆಯಿಂದ ಸರಿಭಾರವಾಯಿತು. ಕಲ್ಲಿನ ಲಾಭ ಗಣಿಯವನಿಗೆ, ಕಟ್ಟಡ ನಗರಕ್ಕೆ, ಗುಂಡಿ ಬಿದ್ದ ದಾರಿ ಊರಿನವರಿಗೆ.

ಇದೇ ತರ್ಕ ನೆಲದ ಕೆಳಗೂ ನಡೆದಿದೆ, ಮತ್ತು ನಾಲ್ಕೂ ತಾಲ್ಲೂಕುಗಳ ಅತಿ ದೊಡ್ಡ ಹೇರಿಕೆ ಅಲ್ಲಿಯೇ ಇದೆ. ಕಪಿಲೆಯ ಕಾಲದಲ್ಲಿ ಬಾವಿಯ ನೀರನ್ನು ಎತ್ತುಗಳು ಎಳೆದು ಹಾಕುತ್ತಿದ್ದವು. ನೀರು ಒಂದೆರಡು ಮಾರು ಕೆಳಗಿಳಿದರೆ ಎತ್ತಿನ ನಡೆ ನಿಧಾನವಾಗುತ್ತಿತ್ತು, ಹರಿಯುವ ನೀರು ಕಡಿಮೆಯಾಗುತ್ತಿತ್ತು, ರೈತ ಬೆಳೆಯನ್ನೇ ಬದಲಿಸುತ್ತಿದ್ದ. ಕೊಳವೆ ಬಾವಿ ಮತ್ತು ವಿದ್ಯುತ್ ಬಂದ ಮೇಲೆ ಆ ಎಚ್ಚರಿಕೆ ಕಳಚಿಬಿತ್ತು. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟಿನ ಬಿಲ್ಲಿಲ್ಲ. ಈಗ ಇಲ್ಲಿ ಸಾವಿರ ಅಡಿ ದಾಟಿದ ಕೊಳವೆ ಬಾವಿ ಅಪರೂಪವಲ್ಲ. ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರು ಎತ್ತುವ ಪ್ರದೇಶಗಳೆಂದು ಅಂತರ್ಜಲದ ಸರ್ಕಾರಿ ಅಂದಾಜುಗಳು ಈ ತಾಲ್ಲೂಕುಗಳನ್ನು ಮತ್ತೆ ಮತ್ತೆ ಗುರುತಿಸಿವೆ. ಬೇಸಿಗೆಯಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಾಗ ಲೋಡು ಜಾಸ್ತಿಯಾಯಿತು ಎನ್ನುತ್ತಾರೆ. ಮೋಟಾರು ಸುಟ್ಟರೂ ಅದೇ ಮಾತು. ಲೋಡು ತಂತಿಯ ಮೇಲಿರುವುದು ಎಲ್ಲರಿಗೂ ತಿಳಿಯುತ್ತದೆ. ಅದೇ ಲೋಡು ನೆಲದ ಮೇಲೂ ಇದೆ ಎಂಬುದು ತಿಳಿಯುವುದು ಪಕ್ಕದ ಹೊಲದವನ ಬಾವಿ ಬತ್ತಿದಾಗ. ರೈತನನ್ನು ಇಲ್ಲಿ ಹೇರುವವನೆಂದು ಕರೆಯುವುದು ಕ್ರೂರವೆನ್ನಿಸಬಹುದು. ಸಾಲ ಮಾಡಿ ಕೊರೆಸಿದ ಬಾವಿ ಹುಸಿ ಹೋದಾಗ ಹೊರುವವನೂ ಅವನೇ. ಆದರೆ ಅವನ ತೋಟದ ತರಕಾರಿ, ಹೂವು, ದ್ರಾಕ್ಷಿ ಸೇರುವುದು ಬೆಂಗಳೂರಿನ ಮಾರುಕಟ್ಟೆಗೆ. ಅಲ್ಲಿಂದ ಪ್ರತಿಯಾಗಿ ಕೆರೆಗಳಿಗೆ ಬರುತ್ತಿರುವುದು ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು. ಅದನ್ನು ಮೂರನೇ ಹಂತದವರೆಗೆ ಶುದ್ಧಮಾಡಿ ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟದವರು ಕೇಳುತ್ತಿರುವುದು ಹೊರುವವರ ಹಳೆಯ ಬೇಡಿಕೆಯೇ: ಹೇರುವುದಾದರೆ ನಮ್ಮನ್ನು ಕೇಳಿ ಹೇರಿ.

ಕೊನೆಯ ಆಕ್ಷೇಪಣೆಯೊಂದು ಉಳಿದಿದೆ. ಬಳ್ಳಿಗೆ ಕಾಯಿ ಭಾರವೇ ಎಂಬ ಗಾದೆ ನಮ್ಮಲ್ಲಿದೆ. ಪ್ರೀತಿಯಿದ್ದರೆ, ರೂಢಿಯಿದ್ದರೆ ಭಾರ ಭಾರವೆನಿಸದು. ಆದ್ದರಿಂದ ಅತಿ ಎಂಬುದಕ್ಕೆ ಅಳತೆಯೇ ಇಲ್ಲ, ಅದು ಮನಸ್ಸಿನ ಮಾತು ಎಂದು ವಾದಿಸಬಹುದು. ಗಾದೆ ಹೇಳುವುದು ಸರಿ. ಆದರೆ ಅದು ಬಳ್ಳಿ ಮತ್ತು ಕಾಯಿಯ ಮಾತು, ಬಳ್ಳಿಯೇ ಹೆತ್ತ ಕಾಯಿಯ ಮಾತು. ಬೇರೆಯವರು ತಂದು ಬಳ್ಳಿಗೆ ಕಟ್ಟಿದ ಕಲ್ಲಿಗೆ ಅದು ಅನ್ವಯಿಸುವುದಿಲ್ಲ. ತಾಯಿ ಮಗುವನ್ನು ಹೊರುತ್ತಾಳೆ ಎಂಬುದನ್ನು ಮುಂದಿಟ್ಟು ಸೊಪ್ಪಿನ ಹೊರೆಯನ್ನೂ ಅವಳ ತಲೆಗೇ ಇಡುವವರು ಈ ಗಾದೆಯನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ. ತಾನಾಗಿ ಹೊತ್ತದ್ದಕ್ಕೆ ಮನಸ್ಸು ಅಳತೆಯಾಗಬಹುದು. ಹೇರಿದ್ದಕ್ಕೆ ತಕ್ಕಡಿಯೇ ಬೇಕು.

ಆ ತಕ್ಕಡಿಯನ್ನು ಎಲ್ಲಿ ಇಡಬೇಕು ಎಂಬುದೇ ಇಂದಿನ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಮಿತಿ ಮೀರಿ ತುಂಬಿದ ವಾಹನ ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಹಚ್ಚಿದವನಿಗೂ ಬಿಟ್ಟವನಿಗೂ ದಂಡ ಹೇಳುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅದು 20,000 ರೂಪಾಯಿ, ಮಿಕ್ಕಿದ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಭಾರವನ್ನು ಇಳಿಸದೆ ವಾಹನ ಮುಂದೆ ಹೋಗುವಂತಿಲ್ಲ. ಹೇರುವವನನ್ನು ಕಾನೂನು ಮರೆತಿಲ್ಲ, ಜಾರಿ ಮರೆತಿದೆ. ಹೆದ್ದಾರಿಯಲ್ಲಿ ಕೈಗೆ ಸಿಗುವವನು ಚಾಲಕ. ಹಾಗೆಯೇ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ಮಾಡಿ, ಹಮಾಲರ ಭವಿಷ್ಯನಿಧಿ ಮತ್ತು ರಜೆಯ ಖರ್ಚನ್ನು ಮೂಟೆ ಹೊರಿಸಿಕೊಳ್ಳುವ ವ್ಯಾಪಾರಿಗಳಿಂದಲೇ ವಸೂಲು ಮಾಡುವ ಮಂಡಳಿಗಳನ್ನು ಕಟ್ಟಿತು. ನಮ್ಮಲ್ಲಿಯೂ ಲಾರಿ ತೂಗುವ ವೇಬ್ರಿಡ್ಜ್ ಹೆದ್ದಾರಿಗಿಂತ ಮೊದಲು ಗಣಿಯ ಬಾಗಿಲಲ್ಲಿರಲಿ. ಹಮಾಲನ ಬೆನ್ನುನೋವಿನ ಖರ್ಚು ಮಂಡಿಯ ಲೆಕ್ಕಪುಸ್ತಕದಲ್ಲಿ ಬರಲಿ. ಹೊಸ ಕೊಳವೆ ಬಾವಿಗೆ ಅನುಮತಿ ಕೊಡುವ ಮುನ್ನ ಸುತ್ತಲಿನ ಬಾವಿಗಳವರನ್ನು ಕೇಳಲಿ. ಕೆರೆಗೆ ಬಿಡುವ ನೀರಿನ ಗುಣಮಟ್ಟವನ್ನು ಬಿಡುವವರೇ ಪ್ರತಿ ತಿಂಗಳು ಆ ಊರಿನ ಗ್ರಾಮಸಭೆಯ ಮುಂದಿಡಲಿ. ಹೊರುವವರಿಗೆ ಇನ್ನಷ್ಟು ಗಟ್ಟಿಯಾಗಿ ಎಂದು ಬುದ್ಧಿ ಹೇಳುವ ಕೆಲಸ ಬೇಕಾದಷ್ಟು ನಡೆದಿದೆ. ಇನ್ನು ಲೆಕ್ಕ ಕೇಳಬೇಕಾದದ್ದು ಹೇರುವವರನ್ನು.